ಕೆಂಪಾಗಬಾರದ ವೆಲ್ ಕೆಂಪಾದಾಗ: ನನ್ನ ಅನುಭವ

ಹೊರಗಿನ ಪ್ರೋಟೀನನ್ನು ಪ್ರತಿರಕ್ಷಣಾ ಕೋಶ ನುಂಗಿ, ಕತ್ತರಿಸಿ, ಚೂರನ್ನು ತನ್ನ ಮೈಮೇಲೆ ತೋರಿಸುತ್ತದಾ ಅಂತ ನೋಡುವ ಪ್ರಯೋಗ ನನ್ನದು. ಹೋದ ತಿಂಗಳು ಕೊನೆಗೂ, ಆ ಕತ್ತರಿಸುವಿಕೆಯನ್ನು ತಡೆಯುವ ಎಂಜಿ132 ಎಂಬ ರಾಸಾಯನಿಕ ಹಾಕಿದ, ಪ್ಲೇಟಿನ ಪುಟ್ಟ ಗುಳಿಗಳಾದ ವೆಲ್‌ಗಳು ಹಳದಿಯಾಗಿಯೇ ಉಳಿದವು. ಎಂಜಿ132 ಹಾಕದ ಪಕ್ಕದ ಸಾಲು ಕುಂಕುಮ ಕದಡಿದ ಹಾಗೆ ಕೆಂಪು. ಇಷ್ಟು ನೋಡಲು 14 ತಿಂಗಳು ಹಿಡಿಯಿತು, ಹತ್ತಿರ ಹತ್ತಿರ 3.5 ಲಕ್ಷ ಖರ್ಚಾಯಿತು. "ಡಿಸಿ2.4 ಕೋಶದಲ್ಲಿ ಇದು ಆಗಲ್ಲ, ಬಿಟ್ಟುಬಿಡಿ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು (ಡಿಸಿ2.4 ಅಂದರೆ ಲ್ಯಾಬಿನಲ್ಲಿ ಬೆಳೆಸುವ ಇಲಿಯ ಪ್ರತಿರಕ್ಷಣಾ ಕೋಶ). ಆಗುತ್ತದೆ, ನಾನು ಮಾಡಿದ್ದೇನೆ.

ವಿಧಾನ ಇಷ್ಟೇ. ಕೋಶಕ್ಕೆ ಮೊಟ್ಟೆಯ ಬಿಳಿಯ ಪ್ರೋಟೀನ್ ಆದ ಓವಾಲ್ಬ್ಯುಮಿನ್ ಕೊಡುವುದು. ಕೋಶದೊಳಗಿನ ಕತ್ತರಿಯಾದ ಪ್ರೋಟಿಯಾಸೋಮ್ ಅದನ್ನು ಕತ್ತರಿಸಿದ ಮೇಲೆ, 257ರಿಂದ 264ನೇ ಅಮೈನೋ ಆಮ್ಲದವರೆಗಿನ ಚೂರು, ಅಂದರೆ ಸಿನ್‌ಫೆಕಲ್, ಕೋಶದ ಮೈಮೇಲೆ ಬಂತಾ ಅಂತ ಬಿ3ಝಡ್ ಎಂಬ ಟಿ ಕೋಶದಿಂದ ತಿಳಿಯುವುದು. ಅದು ಈ ಚೂರನ್ನು ಗುರುತಿಸಿದರೆ ಹಳದಿ ಬಣ್ಣ ಕೆಂಪಾಗುತ್ತದೆ. ಬರ್ಕ್ಲಿಯ ನೀಲಾಭ್ ಶಾಸ್ತ್ರಿಯವರ ಲ್ಯಾಬಿನಿಂದ ಬಂದ ಈ ಕೋಶ ಇಲ್ಲದಿದ್ದರೆ ನಮ್ಮಂಥ ಸಣ್ಣ ಲ್ಯಾಬಿಗೆ ಇದು ಕೈಗೆಟುಕುತ್ತಿರಲಿಲ್ಲ. ಬಣ್ಣ ಅಳೆಯುವ ಪ್ಲೇಟ್ ರೀಡರ್ ಒಂದಿದ್ದರೆ ಸಾಕು.

ನನ್ನ ಗೋಳು ಒಂದೇ. ಎಂಜಿ132 ಹಾಕಿದರೂ ಬಣ್ಣ ಬರುತ್ತಿತ್ತು. ಡೋಸ್ ಏರಿಸಿದೆ, ಕೋಶ ಸತ್ತವು. ಅದೇ ಕೆಲಸ ಮಾಡುವ ಎಪಾಕ್ಸೊಮೈಸಿನ್ ತರಿಸಿದೆ. ಡ್ರೈ ಐಸ್ ಪೂರ್ತಿ ಕರಗಿದ ಮೇಲೆ ಡಬ್ಬಿ ಕೈಗೆ ಬಂತು. 40 ಸಾವಿರ ನೀರಲ್ಲಿ ಹೋಮ ಮಾಡಿದಂತಾಯಿತು.

ಒಂದು ಸಂಜೆ ಕೋಶಗಳನ್ನು ಮೊದಲೇ ಗ್ಲುಟರಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ (ಅಂದರೆ ಕೊಂದು, ಇದ್ದ ಹಾಗೇ ಗಟ್ಟಿ ಮಾಡಿ), ಆಮೇಲೆ ಓವಾಲ್ಬ್ಯುಮಿನ್ ಹಾಕಿದೆ. ಅವೂ ಕೆಂಪಾದವು! ಸತ್ತ ಕೋಶ ಏನು ತಿನ್ನುತ್ತದೆ, ಏನು ಕತ್ತರಿಸುತ್ತದೆ? ಓವಾಲ್ಬ್ಯುಮಿನ್ ಪುಡಿಯಲ್ಲೇ ಮೊದಲೇ ಚೂರುಗಳಿದ್ದವು. ಸೀದಾ ಹೋಗಿ, ಚೂರುಗಳನ್ನು ಕೋಶದ ಮೈಮೇಲೆ ಹಿಡಿದು ತೋರಿಸುವ ಎಂಎಚ್‌ಸಿ ಮೇಲೆ ಕೂರುತ್ತಿದ್ದವು. ಅಣುವಿನ ತೂಕ ನೋಡಿ ಸೋಸುವ 30 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ನಾಲ್ಕು ಸಲ ತೊಳೆದೆ. ಸುಮಾರು 45 ಕಿಲೋಡಾಲ್ಟನ್ ತೂಕದ ಓವಾಲ್ಬ್ಯುಮಿನ್ ಮೇಲೆ ನಿಂತಿತು. ಕೆಳಗಿಳಿದ ನೀರನ್ನು ಸುಮ್ನೆ ಫಿಕ್ಸ್ ಮಾಡಿದ ಕೋಶಕ್ಕೆ ಹಾಕಿ ನೋಡಿದೆ. ಗಾಢ ಕೆಂಪು. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ತಪ್ಪೂ ಇತ್ತು. ಎಂಜಿ132 ಬಿ3ಝಡ್‌ಗೂ ತಾಗುತ್ತಿತ್ತು. ಈಗ ಓವಾಲ್ಬ್ಯುಮಿನ್ ತಿನ್ನಲು ಐದು ಗಂಟೆ ಕಾಲ ಕೊಟ್ಟು, ಫಿಕ್ಸ್ ಮಾಡಿ, ಚೆನ್ನಾಗಿ ತೊಳೆದು ಆಮೇಲೆ ಬಿ3ಝಡ್ ಸೇರಿಸುತ್ತೇನೆ. ಫಿಕ್ಸ್ ಮಾಡುವ ಸೆಕೆಂಡುಗಳ ಲೆಕ್ಕ, ಅದನ್ನು ನಿಲ್ಲಿಸುವ ಬಗೆ ಇಲ್ಲಿ ಹೇಳಲ್ಲ, ಪೇಪರ್ ಬರಲಿ. ಎಂಜಿ132 ಕುಡಿದ ಕೋಶಕ್ಕೆ ಹೊರಗಿನಿಂದ ಸಿನ್‌ಫೆಕಲ್ ಕೊಟ್ಟ ಒಂದು ಸಾಲು ಮಾತ್ರ ಇಡಲೇಬೇಕು. ಕತ್ತರಿಸುವ ಅಗತ್ಯವೇ ಇಲ್ಲದ ಅದು ಕೆಂಪಾಗದಿದ್ದರೆ ಉಳಿದದ್ದನ್ನು ನಂಬಬೇಡಿ.

ನಡುವೆ ಅಂಗಡಿಯ ಮೊಟ್ಟೆಯಿಂದಲೂ ಓವಾಲ್ಬ್ಯುಮಿನ್ ತೆಗೆದೆ. ಅಮೋನಿಯಂ ಸಲ್ಫೇಟ್ ಹಾಕಿ ಬೇರ್ಪಡಿಸಿದೆ, ಎರಡು ದಿನ ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ಉಪ್ಪು ತೆಗೆಯುವುದು), ಖರ್ಚು 200 ದಾಟಲಿಲ್ಲ. ಹೊಸದರಲ್ಲಿ ಫಿಕ್ಸ್ ಮಾಡಿದ ಕೋಶ ಹಳದಿಯಾಗಿಯೇ ಇತ್ತು. ಅದೇ ಟ್ಯೂಬನ್ನು ಮೂರು ವಾರ ಫ್ರಿಜ್‌ನಲ್ಲಿಟ್ಟು ಹಾಕಿದೆ, ಕೆಂಪು ಹತ್ತಿತು. ಈಗ ಯಾವ ಓವಾಲ್ಬ್ಯುಮಿನ್ ಆದರೂ ಪ್ರಯೋಗದ ದಿನ ಬೆಳಿಗ್ಗೆಯೇ ತೊಳೆಯುತ್ತೇನೆ.