ಅಜ್ಜನ ರಂಟೆಗೆ ಹೊಸ ಕುಳ

ಕಳೆದ ಬೇಸಿಗೆಯಲ್ಲಿ ಊರಿನ ಮನೆಯ ಕೊಟ್ಟಿಗೆ ಕೆಡವುವಾಗ ಗೋದಲಿಯ ಹಿಂದೆ ಅಜ್ಜನ ಕಬ್ಬಿಣದ ರಂಟೆ, ಎಂದರೆ ನೇಗಿಲು, ಸಿಕ್ಕಿತು. ಮಣ್ಣು ಮಗುಚುವ ರೆಕ್ಕೆ ಗಟ್ಟಿಯಾಗಿಯೇ ಇತ್ತು. ಮೈಮೇಲಿನ ಅಕ್ಷರಗಳು ತುಕ್ಕಿನಲ್ಲಿ ಮುಳುಗಿದ್ದವು. ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೆ ‘ಕಿರ್ಲೋಸ್ಕರ್’ ಎಂದು ಓದಲು ಬಂತು. ನೆಲ ಸೀಳುವ ಕುಳದ ಮೂತಿ ಮುರಿದಿತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಬೀಡು ಕಬ್ಬಿಣದ ಎರಕ ಹೊಯ್ಯುವುದೇ ಇಪ್ಪತ್ತಾರು ವರ್ಷಗಳಿಂದ ನನ್ನ ಕಸುಬು. ಹೊಸ ಕುಳ ಹೊಯ್ದು, ಆ ರಂಟೆಯನ್ನು ಮತ್ತೆ ಎತ್ತುಗಳ ಹಿಂದೆ ನಡೆಸಿಯೇ ನೋಡಬೇಕು ಎನಿಸಿತು.

ಆ ಹೆಸರಿನ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ ಹುಡುಗನಿಗೆ ಕೆಲವು ಬಣ್ಣಗಳ ಭೇದ ಕಣ್ಣಿಗೆ ತಿಳಿಯುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರಗಳ ರೇಖಾಚಿತ್ರ ಕಲಿತರು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಬರಬೇಕಾದ ಬಡ್ತಿ ಕೈತಪ್ಪಿದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಅಣ್ಣ ರಾಮಣ್ಣನೊಂದಿಗೆ ಸೈಕಲ್ ವ್ಯಾಪಾರದಲ್ಲಿ ನಿಂತರು. ಆ ಅಂಗಡಿಯ ನೆನಪಿಗೆ ಊರಿನಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಇದೆ. ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಇಷ್ಟನ್ನು ನಾನು ಶಾಲೆಯ ದಿನಗಳಿಂದ ಕೇಳಿದ್ದೆ. ಕೈಯಾರೆ ಕುಳ ಹೊಯ್ಯಲು ಕೂತ ಮೇಲೆಯೇ ಆ ಬದುಕಿನ ಕಷ್ಟ ಎಲ್ಲಿತ್ತು ಎಂಬುದು ತಿಳಿಯಿತು.

ಮೊದಲ ತಪ್ಪು ಅವಸರದ್ದು. ಮುರಿದ ಮೂತಿಯನ್ನು ಮೇಣದಿಂದ ತುಂಬಿ, ಹಳೆಯ ಕುಳವನ್ನೇ ಮಾದರಿಯಾಗಿ ಮರಳಿನಲ್ಲಿ ಒತ್ತಿ ಅಚ್ಚು ತೆಗೆದೆ. ಬೀಡು ಆರುವಾಗ ಶೇಕಡಾ ಒಂದರಷ್ಟು ಕುಗ್ಗುತ್ತದೆ. ಮೀಟರಿಗೆ 10 ಮಿಲಿಮೀಟರ್ ಹೆಚ್ಚಿಟ್ಟು ಮಾದರಿ ಮಾಡಬೇಕು. ಕೆಲಸ ಕಲಿಯುವ ಹುಡುಗರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಮಾತು ಇದು. ಬೋಲ್ಟಿನ ತೂತುಗಳು ಕೂಡಲಿಲ್ಲ. ಆಮೇಲೆ ಕುಗ್ಗುವ ಲೆಕ್ಕ ಹಾಕಿ ಸಾಗವಾನಿಯಲ್ಲಿ ಹೊಸ ಮಾದರಿ ಕೆತ್ತಿಸಿದೆ. ಆ ರೇಖೆಗಳನ್ನು ಕಾಗದದ ಮೇಲೆ ಎಳೆಯುವಾಗ ಲಕ್ಷ್ಮಣರಾಯರೇ ನೆನಪಾದರು. ಗೆರೆ, ಅಳತೆ, ಬಾಗು, ಇವಿಷ್ಟೇ ಅಲ್ಲಿ ಕೆಲಸ. ಅವರ ಕಣ್ಣು ಯಾವುದರಲ್ಲಿ ಎಳ್ಳಷ್ಟೂ ಸೋಲುತ್ತಿರಲಿಲ್ಲವೋ ಅದನ್ನೇ ಅವರು ಹಿಡಿದರು.

ಎರಡನೆಯ ಕುಳ ಅಳತೆಗೆ ಸರಿಯಾಗಿ ಕೂತಿತು, ಆದರೆ ಹೊಲದಲ್ಲಿ ಮುರಿಯಿತು. ಸವೆಯಬಾರದೆಂದು ಸಿಲಿಕಾನ್ ಕಡಿಮೆ ಇಟ್ಟು ಹೊಯ್ದಿದ್ದೆ. ಸಿಲಿಕಾನ್ ಕಡಿಮೆಯಾದರೆ ಬೀಡಿನೊಳಗಿನ ಇಂಗಾಲ ಗ್ರಾಫೈಟ್ ಆಗುವುದಿಲ್ಲ. ಕಬ್ಬಿಣದೊಂದಿಗೆ ಬೆರೆತು ಕಲ್ಲಿನಂತೆ ಬಿಗಿಯುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಮುರಿದ ಮುಖ ಬೆಳ್ಳಗೆ ಹೊಳೆಯುತ್ತಿತ್ತು. ಎರಡನೆಯ ಸಾಲಿನಲ್ಲೇ ಒಂದು ಕಲ್ಲು ತಾಗಿತ್ತು.

ಎತ್ತುಗಳು ಪಕ್ಕದ ಹೊಲದ ಕಾಕಾನವು. ಅವರು ತುಂಡುಗಳನ್ನು ಕೈಗೆತ್ತಿಕೊಂಡು, “ತಮ್ಮಾ, ಇದು ಮುರಿದರೆ ಇನ್ನೊಂದು ಎಲ್ಲಿದೆ?” ಎಂದು ಕೇಳಿದರು.

ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಬಂದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಕ್ಷ್ಮಣರಾಯರ ನೇಗಿಲಿಗೆ ಗಿರಾಕಿ ಸಿಗಲು ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ನಂಜೇರುತ್ತದೆ ಎಂದು ರೈತರು ನಂಬಿದ್ದರು ಎಂಬುದನ್ನು ಎಲ್ಲರೂ ಹೇಳುತ್ತಾರೆ, ರೈತರ ಮೌಢ್ಯದ ಕಥೆಯಾಗಿ. ನನಗೆ ಹಾಗೆ ತೋರುವುದಿಲ್ಲ. ಮರದ ನೇಗಿಲು ಮುರಿದರೆ ಊರ ಬಡಿಗ ಸಂಜೆಯೊಳಗೆ ಸರಿಮಾಡುತ್ತಾನೆ. ಬೀಡು ಮುರಿದರೆ ಕಮ್ಮಾರನ ಕುಲುಮೆಯಲ್ಲಿ ಕಾಸಿ ಬಡಿದು ಕೂಡಿಸಲು ಬರುವುದಿಲ್ಲ. ಮೃಗಶಿರಾ ಮಳೆ ಬಿದ್ದು ಹದ ಬಂದಾಗ ಕುಳ ಮುರಿದು ಕೂತರೆ ವರ್ಷದ ಅನ್ನವೇ ಹೋದಂತೆ. ಕಾಕಾ ಕೇಳಿದ್ದನ್ನೇ ಅಂದಿನ ರೈತರೂ ಮನಸ್ಸಿನಲ್ಲಿ ಕೇಳಿಕೊಂಡಿರಬೇಕು. ಅದಕ್ಕೆ ಉತ್ತರವಾಗಿ ನೇಗಿಲಿನ ಹಿಂದೆ ಒಂದು ಕಾರ್ಖಾನೆಯೇ ಕದಲದೆ ನಿಲ್ಲಬೇಕಿತ್ತು.

ಆ ಕಾರ್ಖಾನೆಯ ಕಾಲಡಿಯ ನೆಲವೇ ಹೋಯಿತು. ಹೊಸ ಬಡಾವಣೆಗಾಗಿ ಬೆಳಗಾವಿಯ ಜಾಗ ಬಿಡಬೇಕಾಗಿ ಬಂತು. ಔಂಧ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಕೊಟ್ಟರು: ಪಾಪಾಸುಕಳ್ಳಿ, ನಾಗರಹಾವುಗಳ ಬರಡು ನೆಲ. ನಲವತ್ತು ದಾಟಿದ ಮನುಷ್ಯ 1910ರಲ್ಲಿ ಕೆಲಸಗಾರರ ಸಂಸಾರಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದರು. ಅದೇ ಕಿರ್ಲೋಸ್ಕರವಾಡಿ. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟ ಹಳೆಯ ಫಿರಂಗಿಗಳನ್ನು ನೇಗಿಲಿಗಾಗಿ ಕರಗಿಸಿದರು. ಕತೆ ಕೇಳುವವರಿಗೆ ಇದು ಹಿತವಾಗಿರುತ್ತದೆ. ಎರಕದವನಾದ ನನಗೆ ಎದೆ ಡವಗುಟ್ಟುತ್ತದೆ. ನನ್ನ ಬಳಿ ಐದು ನಿಮಿಷದಲ್ಲಿ ಇಂಗಾಲ, ಸಿಲಿಕಾನ್ ಎಷ್ಟೆಂದು ಹೇಳುವ ಯಂತ್ರವಿದೆ. ಒಳಗೆ ಏನಿದೆಯೆಂದು ತಿಳಿಯದ ಹಳೆಯ ಲೋಹವನ್ನು ಕಣ್ಣಂದಾಜಿನಲ್ಲಿ ಕರಗಿಸಿ, ಅದರಿಂದ ಹೊಯ್ದ ವಸ್ತುವಿಗೆ ತನ್ನ ಹೆಸರು ಒತ್ತುವುದಕ್ಕೆ ಎಂಥ ಧೈರ್ಯ ಬೇಕು!

ಮೂರನೆಯ ಸಲ ಹಳೆಯ ಉಪಾಯಕ್ಕೆ ಮೊರೆಹೋದೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಿಂದಲೇ ಬಳಕೆಯಲ್ಲಿದ್ದ ವಿಧಾನ ಅದು. ಸಿಲಿಕಾನನ್ನು ಶೇಕಡಾ ಎರಡರ ಹತ್ತಿರ ತಂದೆ. ಅಚ್ಚಿನಲ್ಲಿ ಕುಳದ ತಳ ಬರುವ ಕಡೆ ಮರಳಿನ ಬದಲು ದಪ್ಪ ಕಬ್ಬಿಣದ ತುಂಡನ್ನು ಕೂರಿಸಿದೆ. ಅದಕ್ಕೆ ನಾವು ಚಿಲ್ ಎನ್ನುತ್ತೇವೆ. ತೇವ ಉಳಿದರೆ ಲೋಹ ಸಿಡಿಯುತ್ತದೆ, ಆದ್ದರಿಂದ ಅದನ್ನು ಮೊದಲೇ ಕಾಸಿ ಒಣಗಿಸಿದ್ದೆ. ಸುಮಾರು 1350 ಡಿಗ್ರಿಯ ಬೀಡು ಅದಕ್ಕೆ ತಾಗಿದೊಡನೆ ತಳ ತಟ್ಟನೆ ಆರಿ ಬಿಳಿಯಾಗಿ ಬಿಗಿಯಿತು. ಮರಳಿನ ಕಡೆ ನಿಧಾನವಾಗಿ ಆರಿದ ಮೇಲ್ಭಾಗ ಬೂದು ಬಣ್ಣದ ಮೆದು ಬೀಡಾಗಿಯೇ ಉಳಿಯಿತು. ಇಂಥ ಕುಳದ ಮೇಲ್ಭಾಗ ಬೇಗ ಸವೆಯುತ್ತದೆ, ತಳ ನಿಧಾನವಾಗಿ ಸವೆಯುತ್ತದೆ. ಹೀಗಾಗಿ ಉಳುತ್ತ ಹೋದಂತೆ ಅಂಚು ತಾನೇ ಹರಿತವಾಗುತ್ತದೆ.

ಕಾಕಾ ಎರೆಹೊಲದಲ್ಲಿ ಅರ್ಧ ಎಕರೆ ಉತ್ತರು. ಕರಿಕೆಯ ಬೇರುಗಳು ಕಿತ್ತು ಮೇಲೆ ಬಿದ್ದವು, ಮಗುಚಿದ ಹೆಂಟೆಗಳು ತಿಳಿಬಿಸಿಲಿಗೆ ಹೊಳೆದವು. ಎರಡು ಕಡೆ ಕಲ್ಲು ತಾಗಿತು. ಪ್ರತಿ ಸಲವೂ ನಾನು ಓಡಿಹೋಗಿ ಬಗ್ಗಿ ನೋಡಿದೆ. ಕುಳ ತಡೆದುಕೊಂಡಿತ್ತು. ಸಾಲಿನ ಕೊನೆಯಲ್ಲಿ ಎತ್ತುಗಳನ್ನು ನಿಲ್ಲಿಸಿ ಕಾಕಾ ಅಂಚಿನ ಮೇಲೆ ಹೆಬ್ಬೆರಳು ಸವರಿದರು. ಚೆನ್ನಾಗಿದೆ ಎಂದು ಹೇಳಲಿಲ್ಲ. ಹಿಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು.

ಮುಂದಿನ ಸೋಮವಾರ ಅದೇ ಮಾದರಿಯಿಂದ ಇನ್ನೂ ನಾಲ್ಕು ಹೊಯ್ದೆ. ತೂತುಗಳನ್ನು ಒಂದೇ ಬೋಲ್ಟಿನಿಂದ ಪರೀಕ್ಷಿಸಿ, ಎಣ್ಣೆ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ ಕಾಕಾನ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟು ಬಂದಿದ್ದೇನೆ.