ಹೊಗೆಯ ಹಿಂದಿನ ಒಣದ್ರಾಕ್ಷಿ: ಮೂಗನ್ನು ದಣಿಸಿ ಶೆರ್ರಿಯನ್ನು ಹಿಡಿದ ನನ್ನ ಅನುಭವ

ಪೀಟ್ ಎಂಬ ಜೌಗುಮಣ್ಣನ್ನು ಉರಿಸಿದ ಹೊಗೆ ಹಿಡಿದ ವಿಸ್ಕಿಯನ್ನು ಕೊನೆಯ ಕೆಲವು ತಿಂಗಳು ಶೆರ್ರಿ ಎಂಬ ಸ್ಪೇನಿನ ವೈನಿನ ಪೀಪಾಯಿಯಲ್ಲಿ ಇಟ್ಟರೆ ಬಣ್ಣ ಬದಲಾದೀತೇ ಹೊರತು ಆ ಹೊಗೆಯ ನಡುವೆ ಶೆರ್ರಿ ಯಾರ ಮೂಗಿಗೂ ಸಿಗುವುದಿಲ್ಲ ಎಂದು ಗ್ಲಾಸ್ಗೋದ ನಮ್ಮ ಶನಿವಾರದ ಕೂಟದ ಹಿರಿಯರೊಬ್ಬರು ಮೂರು ವರ್ಷಗಳಿಂದ ವಾದಿಸುತ್ತ ಬಂದಿದ್ದರು. ಈ ಚಳಿಗಾಲದಲ್ಲಿ ಅವರ ಎದುರಿಗೇ, ನಾಲಗೆಗೆ ಒಂದು ಹನಿಯನ್ನೂ ಸೋಕಿಸದೆ, ಹನ್ನೆರಡು ಸುತ್ತುಗಳಲ್ಲಿ ಒಂಬತ್ತು ಬಾರಿ, ಮೂರು ಗ್ಲಾಸುಗಳ ನಡುವಿನ ಶೆರ್ರಿಯ ಗ್ಲಾಸನ್ನು ಮೂಸಿಯೇ ಗುರುತಿಸಿದೆ. ಸುಮ್ಮನೆ ಊಹಿಸಿದ್ದರೆ ಸರಾಸರಿ ನಾಲ್ಕು ಸರಿಯಾಗುತ್ತಿದ್ದವು. ಹಿಂದಿನ ವರ್ಷ ನನಗೆ ಬಂದದ್ದೂ ಸರಿಯಾಗಿ ನಾಲ್ಕೇ.

ನಾನು ಆರಿಸಿಕೊಂಡದ್ದು ಸ್ಕಾಟ್ಲೆಂಡಿನ ಐಲ ದ್ವೀಪದ ಲ್ಯಾಗವೂಲಿನ್ ಭಟ್ಟಿಯ ವಿಸ್ಕಿ ಜೋಡಿಯನ್ನು: ಒಂದು ಹದಿನಾರು ವರ್ಷದ ಮಾಮೂಲಿ ಬಾಟಲಿ, ಇನ್ನೊಂದು ಪೆದ್ರೊ ಹಿಮೆನೆಸ್ ಎಂಬ ಸಿಹಿ ಶೆರ್ರಿಯ ಪೀಪಾಯಿಯಲ್ಲಿ ಮುಗಿಸಿದ ಡಿಸ್ಟಿಲರ್ಸ್ ಎಡಿಶನ್. ಎರಡಕ್ಕೂ ಅದೇ ಭಟ್ಟಿ, ಅದೇ ಹೊಗೆ, ಅದೇ ಶೇ. 43ರ ಮದ್ಯಾಂಶ ಇರುವುದರಿಂದ ವ್ಯತ್ಯಾಸವೇನಾದರೂ ಕಂಡರೆ ಅದನ್ನು ಪೀಪಾಯಿಯ ಲೆಕ್ಕಕ್ಕೆ ಬರೆಯಬಹುದು. ಎರಡು ವರ್ಷಗಳಲ್ಲಿ ನಾಲ್ಕು ಬಾಟಲಿಗಳಿಗೆ ಸುಮಾರು 330 ಪೌಂಡ್ ಖರ್ಚಾಯಿತು. ಅದರಲ್ಲಿ ಮೂವತ್ತು ಪೌಂಡಿನಷ್ಟು ನೀರುಪಾಲಾದದ್ದು ನನ್ನದೇ ತಪ್ಪಿನಿಂದ. ಮೂರನೆಯ ಒಂದು ಭಾಗ ಉಳಿದಿದ್ದ ಎಡಿಶನ್ ಬಾಟಲಿಯನ್ನು ಏಳೆಂಟು ತಿಂಗಳು ಹಾಗೆಯೇ ಬಿಟ್ಟೆ. ತೆಗೆದಾಗ ಹೊಗೆ ಇತ್ತು, ದ್ರಾಕ್ಷಿ ಇರಲಿಲ್ಲ. ಈಗ ಬಾಟಲಿ ಅರ್ಧಕ್ಕಿಳಿದ ದಿನವೇ 100 ಎಂಎಲ್ ಸೀಸೆಗಳಿಗೆ, ಗಾಳಿಗೆ ಜಾಗವಿಲ್ಲದಂತೆ, ಕುತ್ತಿಗೆಯವರೆಗೆ ತುಂಬಿಸಿ ಇಡುತ್ತೇನೆ.

ಮೊದಲ ವರ್ಷವೆಲ್ಲ ಎಲ್ಲರೂ ಹೇಳುವ ದಾರಿಯಲ್ಲಿಯೇ ನಡೆದೆ. ಇಪ್ಪತ್ತು ಎಂಎಲ್‌ಗೆ ಸಿರಿಂಜಿನಿಂದ ಅರ್ಧರ್ಧ ಎಂಎಲ್ ನೀರು ಬೆರೆಸುತ್ತ ಹೋದೆ. ಗ್ಲಾಸ್ಗೋದ ನಲ್ಲಿಗೆ ಬರುವುದು ಲಾಕ್ ಕ್ಯಾಟ್ರಿನ್ ಸರೋವರದ ಮೆದು ನೀರಾದ್ದರಿಂದ ನೀರಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಆದರೆ ಎರಡು ಎಂಎಲ್ ಬೆರೆಸಿ ಮದ್ಯಾಂಶ ಶೇ. 39ಕ್ಕೆ ಇಳಿಯುವಷ್ಟರಲ್ಲಿ ಹೊಗೆಯೇ ಮುಂದೆ ಬಂದು ನಿಲ್ಲುತ್ತಿತ್ತು. ನೀರು ಬೆರೆತಾಗ ಗ್ವಾಯಕಾಲ್‌ನಂಥ ಹೊಗೆಯ ಅಣುಗಳು ಮೇಲ್ಮೈಗೆ ಬರುತ್ತವೆಂದು ಸ್ವೀಡನ್ನಿನ ಇಬ್ಬರು ಸಂಶೋಧಕರು 2017ರಲ್ಲಿ ಗಣಕ ಮಾದರಿಯಿಂದ ತೋರಿಸಿದ್ದನ್ನು ನಾನು ಓದಿದ್ದು ಆಮೇಲೆ. ಮೊದಲೇ ಓದಿದ್ದರೆ ಒಂದು ಬಾಟಲಿ ಉಳಿಯುತ್ತಿತ್ತು. ನಡುನಡುವೆ ಕಾಫಿ ಬೀಜ ಮೂಸಿದೆ, ತೋಳಿನ ಬಟ್ಟೆ ಮೂಸಿದೆ. ಮೂಗಿಗೆ ವಿಶ್ರಾಂತಿ ಸಿಕ್ಕಿತು, ಮರಳಿ ಬಂದೊಡನೆ ಮತ್ತೆ ಅದೇ ಹೊಗೆ ಎದುರಾಯಿತು.

ಒಂದು ಸಂಜೆ ಮಾತಿನ ಭರದಲ್ಲಿ ಮಾಮೂಲಿ ಹದಿನಾರರ ಗ್ಲಾಸನ್ನು ಬಹಳ ಹೊತ್ತು ಮೂಗಿನ ಕೆಳಗೇ ಹಿಡಿದುಕೊಂಡಿದ್ದವನು ತಪ್ಪಿ ಪಕ್ಕದ ಎಡಿಶನ್ ಗ್ಲಾಸನ್ನು ಎತ್ತಿದೆ. ಮಲೆನಾಡಿನ ಡಬ್ಬಿಯಲ್ಲಿ ತಳ ಹಿಡಿದ ಜೋನಿ ಬೆಲ್ಲದ ವಾಸನೆ ಥಟ್ಟನೆ ಬಂದಿತು. ಅದರ ಹಿಂದೆಯೇ ಒಣದ್ರಾಕ್ಷಿ, ಸ್ವಲ್ಪ ಹಳೆಯ ಹುಣಸೆ. ಬಚ್ಚಲೊಲೆಯ ಹೊಗೆ ಎಲ್ಲೋ ಹಿತ್ತಲಿಗೆ ಸರಿದಿತ್ತು. ಹೊಗೆಗೆ ದಣಿದ ಮೂಗು ಹೊಗೆಯನ್ನು ಬಿಟ್ಟು ಉಳಿದದ್ದನ್ನು ಹಿಡಿಯುತ್ತಿದೆ ಎಂದು ಆಗ ಹೊಳೆಯಿತು. ಮೂಗಿಗೆ ವಿಶ್ರಾಂತಿ ಕೊಡುವ ಬದಲು ಬೇಕೆಂದೇ ದಣಿಸುತ್ತೇನೆ ಎಂದಾಗ ಹಿರಿಯರು, "ಮೂಗನ್ನು ಕೊಂದುಕೊಂಡು ಇನ್ನೇನನ್ನು ಮೂಸುತ್ತೀರಪ್ಪಾ?" ಎಂದು ನಕ್ಕರು.

ದಣಿಸುವುದಕ್ಕೆ ಯಾವ ಹೊಗೆಯಾದರೂ ಸಾಕೆಂದುಕೊಂಡು ಇನ್ನೂ ಎರಡು ತಿಂಗಳು ಕಳೆದೆ. ಐಲ ದ್ವೀಪದ್ದೇ ಇನ್ನೊಂದು ವಿಸ್ಕಿ ಲಫ್ರಾಯ್ಗ್‌ನ ಟಿಂಕ್ಚರ್ ವಾಸನೆ ಮೂಗಿನಲ್ಲಿ ಕುಳಿತು ಎಲ್ಲಕ್ಕೂ ಅಂಟಿಕೊಂಡಿತು, ಅಲ್ಲಿಯದೇ ಶೇ. 46ರ ಆರ್ಡ್‌ಬೆಗ್‌ನ ಘಾಟಿಗೆ ಮೂಗು ಪೂರ್ತಿ ಮರಗಟ್ಟಿತು. ಊರಿಗೆ ಹೋದಾಗ ಬೆಂಗಳೂರಿನ ವಿಸ್ಕಿ ಅಮೃತ್ ಪೀಟೆಡ್‌ನಿಂದಲೂ ಯತ್ನಿಸಿದೆ. ಅದರ ಮಾಲ್ಟಿನ ಹೊಗೆ ಸ್ಕಾಟ್ಲೆಂಡಿನದೇ ಆದರೂ ಕೆಲಸ ಅರ್ಧವಷ್ಟೇ ಆಯಿತು. ಅದೇ ಭಟ್ಟಿಯ ಹೊಗೆಯೇ ಬೇಕು.

ಪರೀಕ್ಷೆಗೆ ಗ್ಲೆನ್‌ಕೇರ್ನ್ ಎಂಬ, ಬಾಯಿ ಕಿರಿದಾದ ನಾಲ್ಕು ವಿಸ್ಕಿ ಗ್ಲಾಸುಗಳು. ದಣಿಸಲು ಒಂದು, ಗುರುತಿಲ್ಲದವು ಮೂರು. ಆ ಮೂರರಲ್ಲಿ ಎರಡು ಹದಿನಾರು, ಒಂದು ಎಡಿಶನ್. ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನೇ ಒಪ್ಪಿರುವಾಗ ಬಣ್ಣವನ್ನು ನಂಬಬಾರದು, ಕಾಣಲೂಬಾರದು ಎಂದು ಗ್ಲಾಸುಗಳಿಗೆ ಕಪ್ಪು ಟೇಪು ಸುತ್ತಿದರೆ ಅಂಟಿನ ವಾಸನೆಯೇ ಹೊಡೆಯಿತು. ಸ್ಟೀಲ್ ಲೋಟಗಳಲ್ಲಿ ವಾಸನೆ ನಿಲ್ಲಲಿಲ್ಲ. ಕೊನೆಗೆ ಬಿಸಿನೀರಿನಲ್ಲಿ ಮಾತ್ರ ಒಗೆದ ಕಪ್ಪು ಕಾಲುಚೀಲಗಳು ಕೆಲಸಕ್ಕೆ ಬಂದವು. ನೋಡಲು ಚಂದವಿಲ್ಲ, ಆದರೆ ಖರ್ಚು ನಾಲ್ಕು ಪೌಂಡ್. ದಣಿದ ಮೂಗಿಗೆ ಎರಡು ಗ್ಲಾಸುಗಳು ಹೆಚ್ಚುಕಡಿಮೆ ಖಾಲಿಯಂತೆ ತೋರುತ್ತವೆ, ಮೂರನೆಯದು ಮಾತಾಡುತ್ತದೆ. ಒಂದು ಸಂಜೆಗೆ ನಾಲ್ಕು ಸುತ್ತಿಗಿಂತ ಹೆಚ್ಚು ಮಾಡಬಾರದು. ಎಷ್ಟು ಉಸಿರಿನ ನಂತರ ಗ್ಲಾಸು ಬದಲಿಸಬೇಕು, ಯಾವ ಹೊಳ್ಳೆಯಿಂದ ಮೊದಲು ಮೂಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕಂಡುಕೊಳ್ಳಲು ನನಗೆ 330 ಪೌಂಡ್ ತಗುಲಿದೆ.

ಒಮ್ಮೆ ಇಪ್ಪತ್ತು ಎಂಎಲ್ ಹದಿನಾರಕ್ಕೆ ಮೂರು ಹನಿ ಪೆದ್ರೊ ಹಿಮೆನೆಸ್ ಶೆರ್ರಿಯನ್ನೇ ಬೆರೆಸಿ, ಎಡಿಶನ್ ಎಂದು ಹೇಳಿ ಕೂಟಕ್ಕೆ ಕೊಟ್ಟೆ. ಇಬ್ಬರು ಮೆಚ್ಚಿ ತಲೆದೂಗಿದರು. ನನಗೆ ಅದರಲ್ಲಿ ಸಿಹಿ ಸಿಕ್ಕಿತು, ಕೊನೆಯಲ್ಲಿ ನಾಲಗೆಯ ಅಂಚನ್ನು ಹಿಡಿಯುವ ಮರದ ಒಗರು ಸಿಗಲಿಲ್ಲ. ಹಿರಿಯರು ಕುಡಿಯುವ ಮೊದಲೇ ಹಿಡಿದುಬಿಟ್ಟರು ಎಂಬುದನ್ನೂ ಹೇಳಬೇಕು.

ಈಗ ಸ್ಕಾಟ್ಲೆಂಡಿನದೇ ಇನ್ನೊಂದು ವಿಸ್ಕಿ ಟ್ಯಾಲಿಸ್ಕರ್‌ನ ಜೋಡಿಯನ್ನು ಹಿಡಿದಿದ್ದೇನೆ. ಅಲ್ಲಿ ಹೊಗೆ ಹಗುರವಾದ್ದರಿಂದ ಮೂಗು ಹೊಗೆಗೆ ಬೇಗ ದಣಿಯುತ್ತದೆ, ಆದರೆ ಮೆಣಸಿನ ಘಾಟಿಗೆ ದಣಿಯುವುದಿಲ್ಲ. ಎಂಟು ಸುತ್ತುಗಳಲ್ಲಿ ನಾಲ್ಕು ಸರಿಯಾಗಿವೆ. ಮುಂದಿನ ಶನಿವಾರದ ನಾಲ್ಕು ಸುತ್ತಿಗೆ ಕಾಲುಚೀಲಗಳನ್ನು ತಾವೇ ಒಗೆದು ತರುವುದಾಗಿ ಹಿರಿಯರು ಹೇಳಿದ್ದಾರೆ. ಸೋಪು ಹಾಕಬೇಡಿ ಎಂದು ಎರಡು ಬಾರಿ ಹೇಳಿ ಕಳುಹಿಸಿದ್ದೇನೆ.