ಹಿತ್ತಿಲ ಕೊಳದ ಗೊದಮೊಟ್ಟೆಗಳನ್ನು ಗಮನಿಸುವುದು ಹೇಗೆ?

ಗೋವೆಯಲ್ಲಿ ಜೂನ್ ತಿಂಗಳ ಮೊದಲ ಜೋರುಮಳೆ ಸುರಿದ ರಾತ್ರಿ ಕಪ್ಪೆಗಳ ವಟವಟ ಶುರುವಾಗುತ್ತದೆ. ಮಡಗಾವಿನಲ್ಲೋ ಫೋಂಡಾದಲ್ಲೋ ಹಿತ್ತಿಲಿರುವ ಮನೆಯಲ್ಲಿ ನೆಲೆಸಿದ ಕನ್ನಡಿಗರು ಕೊಳವನ್ನು ಅದಕ್ಕೂ ಮೊದಲೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಮೊಳದುದ್ದ ಆಳದ ಗುಂಡಿ ಸಾಕು; ಆದರೆ ಅದರ ಒಂದು ಬದಿ ಇಳಿಜಾರಾಗಿರಬೇಕು. ಮಳೆನೀರೇ ಉತ್ತಮ. ನಲ್ಲಿ ನೀರಾದರೆ ಕ್ಲೋರಿನ್ ಆರಿಹೋಗಲು ಒಂದೆರಡು ದಿನ ಬಿಸಿಲಿನಲ್ಲಿ ತೆರೆದಿಟ್ಟು ಬಳಸಿ. ಸೊಳ್ಳೆಯ ಭಯದಿಂದ ಗಪ್ಪಿ ಮೀನು ಬಿಟ್ಟರೆ ಅವು ಮೊಟ್ಟೆಯನ್ನೂ ಎಳೆಯ ಮರಿಗಳನ್ನೂ ಉಳಿಸುವುದಿಲ್ಲ.

ಎಲ್ಲಿಂದಲೋ ಕಪ್ಪೆ ಹಿಡಿದು ತರುವ ಅಗತ್ಯವಿಲ್ಲ, ಅವೇ ಬರುತ್ತವೆ. ನೀರಿನೊಳಗೆ ಕಪ್ಪು ಮಣಿಸರದಂತೆ ಕಂಡರೆ ಅದು ನೆಲಗಪ್ಪೆಯ ಮೊಟ್ಟೆ. ನೀರಿನ ಮೇಲೆ ಬಾಗಿದ ಎಲೆಗೆ ಬಿಳಿ ನೊರೆಯ ಮುದ್ದೆ ಅಂಟಿದ್ದರೆ ಮರಗಪ್ಪೆಯದು. ಕೊಳೆಯೆಂದು ತೊಳೆದುಬಿಡಬೇಡಿ, ಕೆಲವು ದಿನಗಳಲ್ಲಿ ಮರಿಗಳು ಅದರಿಂದ ಜಾರಿ ನೀರಿಗೆ ಬೀಳುತ್ತವೆ. ನೆರೆಯವರು ಕೊಂಕಣಿಯಲ್ಲಿ ‘ಬೇಬೊ’ ಎನ್ನುವ ದೊಡ್ಡ ಹಳದಿ ಕಪ್ಪೆಯ ಗೊದಮೊಟ್ಟೆಗಳು ಮಾತ್ರ ಮಾಂಸಾಹಾರಿಗಳು. ಅವು ಸೇರಿಕೊಂಡ ಕೊಳದಲ್ಲಿ ಉಳಿದವುಗಳ ಲೆಕ್ಕ ಇಳಿದರೆ ಅಚ್ಚರಿಪಡಬೇಕಿಲ್ಲ. ಮಾಂಸಕ್ಕಾಗಿ ಆ ದೊಡ್ಡ ಕಪ್ಪೆಯನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದೂ ಮಳೆಗಾಲದಲ್ಲಿ ನೆನಪಿರಲಿ.

ಉಳಿದ ಮರಿಗಳು ಪಾಚಿಯನ್ನು ಕೆರೆದು ತಿನ್ನುತ್ತವೆ. ಪಾಚಿ ಕಡಿಮೆಯಿದ್ದರೆ ಬೇಯಿಸಿದ ಪಾಲಕ್ ಎಲೆಯನ್ನು ಚೂರು ಹಾಕಿ, ಉಳಿದದ್ದನ್ನು ಮರುದಿನ ತೆಗೆಯಿರಿ. ಅನ್ನ, ಬ್ರೆಡ್ಡು ನೀರನ್ನು ಕೆಡಿಸುತ್ತವೆ. ಹತ್ತಿರದಿಂದ ನೋಡಲು ಬಿಳಿ ಬಟ್ಟಲಿನಲ್ಲಿ ಕೊಳದ ನೀರಿನೊಂದಿಗೇ ಒಂದೆರಡನ್ನು ಎತ್ತಿ, ಐದು ನಿಮಿಷದಲ್ಲಿ ಮರಳಿ ಬಿಡಿ. ಸೋಪು ಅಥವಾ ಸೊಳ್ಳೆಯ ಮುಲಾಮು ಹಚ್ಚಿದ ಕೈ ನೀರಿಗೆ ತಾಗದಿರಲಿ.

ಮೊದಲು ಹಿಂಗಾಲುಗಳು ಬಾಲದ ಬುಡದಲ್ಲಿ ಮೊಗ್ಗಿನಂತೆ ಮೂಡುತ್ತವೆ. ಮುಂಗಾಲುಗಳು ಚರ್ಮದೊಳಗೇ ಬೆಳೆದು ಒಮ್ಮೆಲೇ ಹೊರಬರುವುದರಿಂದ, ನಿನ್ನೆ ಇಲ್ಲದ ಕಾಲು ಇಂದು ಹೇಗೆ ಬಂತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅತಿ ಎಚ್ಚರದ ದಿನಗಳು ಇವೇ. ಪಾಚಿ ಕೆರೆಯುತ್ತಿದ್ದ ಬಾಯಿ ಹುಳ ಹಿಡಿಯುವ ಬಾಯಾಗಿ ಬದಲಾಗುತ್ತಿರುವುದರಿಂದ ಮರಿ ಏನನ್ನೂ ತಿನ್ನದೆ, ಕರಗುವ ಬಾಲದಿಂದಲೇ ಶಕ್ತಿ ಪಡೆಯುತ್ತದೆ. ಕಿವಿರು ಮುಚ್ಚಿ ಶ್ವಾಸಕೋಶವೇ ಆಸರೆಯಾಗುವ ಈ ಹೊತ್ತಿನಲ್ಲಿ ಹತ್ತಿ ಕೂರಲು ಕಲ್ಲಾಗಲಿ ಇಳಿಜಾರಾಗಲಿ ಇಲ್ಲದಿದ್ದರೆ, ನೀರಿನಲ್ಲೇ ಹುಟ್ಟಿದ ಜೀವ ನೀರಿನಲ್ಲೇ ಮುಳುಗಿ ಸಾಯುತ್ತದೆ.

ಕಿರುಬೆರಳಿನ ಉಗುರಿನಷ್ಟಿರುವ ನೆಲಗಪ್ಪೆ ಮರಿಗಳು ಗುಂಪಾಗಿ ದಡ ಹತ್ತುತ್ತವೆ. ಆ ಕೆಲವು ದಿನ ಹಿತ್ತಿಲಿನಲ್ಲಿ ಹೆಜ್ಜೆ ಇಡುವ ಮೊದಲು ನೆಲ ನೋಡಿಕೊಳ್ಳಿ.